ಟೀ ಬಿಡುವಿನ ಫೋನು

ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತು ಅವನು ಅಂಗಿಯ ಜೇಬನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ. ಫೋನು ಅಲ್ಲೇ ಇತ್ತು, ಎದ್ದು ಎಲ್ಲಿಗೂ ಓಡಿಹೋಗಿರಲಿಲ್ಲ. ಗುಂಡಿ ಒತ್ತುವ ಹಳೇ ಫೋನು, ಗಾಜಿಗೆ ಜೇಡರ ಬಲೆಯಂಥ ಬಿರುಕು. ಆದರೂ ಇವತ್ತು ಅದು ಎದೆಯ ಮೇಲೆ ಯಾರದೋ ಅಂಗೈ ಇಟ್ಟ ಹಾಗೆ ಕೂತಿತ್ತು. ರಸ್ತೆಯ ಆಚೆ ಬದಿಯಲ್ಲಿ ಅಕ್ಕನ ಮಕ್ಕಳಿಬ್ಬರೂ ದಾಟಲು ಕಾಯುತ್ತ ನಿಂತಿದ್ದರು. ಹದಿನಾರರ ಹುಡುಗಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಈ ಜಗತ್ತಿಗೂ ತನಗೂ ಸಂಬಂಧವಿಲ್ಲ ಎನ್ನುವಂತೆ. ಹದಿಮೂರರ ಹುಡುಗ ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತ. ಮನೆಯಲ್ಲಿ ಎಲ್ಲರ ಮೇಲೂ ತೀರ್ಪು ಕೊಡುವುದರಿಂದ ಅವಳು ಜಡ್ಜಮ್ಮ, ಒಂದು ಕಡೆ ನಿಲ್ಲದ್ದರಿಂದ ಇವನು ಬುಗುರಿ. ಹೆಸರಿಟ್ಟದ್ದು ಅವರಪ್ಪ. ಆ ಅಪ್ಪನ ಎದೆಯನ್ನು ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೆರೆಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಅಪ್ಪ ಬೇರೆ ಊರಿಗೆ ಆಫೀಸಿನ ಟ್ರೇನಿಂಗಿಗೆ ಹೋಗಿದ್ದಾರೆ. ಅಮ್ಮನಿಗೆ ಭಾನುವಾರವೂ ಆಡಿಟ್ಟು. ಅದಕ್ಕೇ ಮಾವ ಊರು ತೋರಿಸುತ್ತಾನೆ. ಇದು ಅವರಿಗೆ ಕೊಟ್ಟ ಲೆಕ್ಕ. ಈ ಲೆಕ್ಕವನ್ನು ಸಂಜೆಯವರೆಗೆ ಬೀಳದಂತೆ ಹೊತ್ತುಕೊಂಡು ಹೋಗುವುದು ಅವನ ಕೆಲಸ. ಹಸಿರು ದೀಪ ಬಿತ್ತು. ಬುಗುರಿ ಓಡಿ ಬಂದ.

"ಮಾವ, ಛತ್ರಿ ಎಲ್ಲಿ? ಛತ್ರಿ ಇಲ್ದೆ ಇದ್ರೆ ನಿನ್ನನ್ನ ಗೈಡ್ ಅಂತ ಯಾರು ನಂಬ್ತಾರೆ?"

"ಇವತ್ತು ರಜ ಕಣೋ. ಛತ್ರಿಗೂ ರಜ."

ಜಡ್ಜಮ್ಮ ಒಂದು ಕಿವಿಯನ್ನಷ್ಟೇ ಖಾಲಿ ಮಾಡಿಕೊಂಡಳು. "ಊಟ ಎಲ್ಲಿ?"

"ಚೀಲದಲ್ಲಿದೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು."

"ನೀರು?"

"ಅದೂ ಮನೇದೇ."

"ಗಾಳಿ?"

"ಅದು ಊರಿನವರದು, ಎಷ್ಟು ಬೇಕಾದ್ರೂ ಎಳ್ಕೋ. ಟಿಕೆಟ್ಟಿಲ್ಲ."

ಅವಳು ನಗಲಿಲ್ಲ, ಆದರೆ ನಗು ಬರದಂತೆ ಬಾಯಿ ಬಿಗಿದದ್ದು ಅವನಿಗೆ ಕಂಡಿತು. ಆ ಬಾಯಿ ಬಿಗಿಯುವುದು ಥೇಟ್ ಭಾವನದು. ನಿನ್ನೆ ಸಂಜೆ ವಾರ್ಡಿನಲ್ಲಿ ಭಾವ ದಿಂಬಿಗೆ ಒರಗಿ ಹೀಗೇ ಬಾಯಿ ಬಿಗಿದುಕೊಂಡು ಬೆರಳು ಮಡಿಸುತ್ತ ಇವತ್ತಿನ ದಾರಿ ಹೇಳಿದ್ದರು. ಪಕ್ಕದ ಹಾಸಿಗೆಯವನ ಮನೆಯವರು ಪರದೆಯ ಆಚೆ ಏನೋ ಸುಲಿದು ತಿನ್ನುತ್ತಿದ್ದರು, ಕಿತ್ತಳೆಯ ವಾಸನೆ. ಮೊದಲು ಬಸ್ಸಲ್ಲಿ ಹಳೇ ಚೌಕ, ಅಲ್ಲಿ ಗಡಿಯಾರದ ಗೋಪುರ, ಆಮೇಲೆ ಚಿತ್ರಶಾಲೆ, ತಿಂಗಳ ಮೊದಲ ಭಾನುವಾರ ಪುಕ್ಕಟೆ, ಅದಾದ ಮೇಲೆ ಸೇತುವೆ, ಸೇತುವೆ ಮೇಲೆ ನಿಲ್ಲೋದಕ್ಕೆ ಯಾರೂ ದುಡ್ಡು ಕೇಳಲ್ಲ. ಅವನು ತಡೆಯಲಾರದೆ, ಭಾವ, ನಾಳೆ ಒಂದು ದಿನವಾದರೂ ಚೆನ್ನಾಗಿ ನೋಡ್ಕೋತೀನಿ, ಒಳ್ಳೇ ಹೋಟೆಲು, ಆ ಮೀನು ತೋರಿಸೋ ಅಕ್ವೇರಿಯಂ, ಸಿನಿಮಾ, ಎಂದದ್ದಕ್ಕೆ ಭಾವ, "ಅಯ್ಯೋ ಹುಚ್ಚಪ್ಪ, ಹಾಗೇನಾದ್ರೂ ಕೈ ಬಿಚ್ಚಿದ್ಯೋ ಕೆಟ್ಟಿತು. ನೀನು ಹೋಟೆಲಿಗೆ ಕರ್ಕೊಂಡು ಹೋದ್ರೆ ಜಡ್ಜಮ್ಮನಿಗೆ ಒಂದೇ ನಿಮಿಷಕ್ಕೆ ಅನುಮಾನ ಬರುತ್ತೆ. ಯಾವತ್ತಿನ ಹಾಗೆ ಜಿಪುಣನಾಗೇ ಇರು," ಎಂದಿದ್ದರು. ಅಕ್ಕ ನಗುತ್ತಲೇ ಮುಖ ಆಚೆ ತಿರುಗಿಸಿದ್ದಳು. ಆಮೇಲೆ ಭಾವ ದನಿ ತಗ್ಗಿಸಿ, "ಒಂದೇ ಒಂದು ಕೆಲಸ. ಮಧ್ಯಾಹ್ನಕ್ಕೆ ಮುಂಚೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಅದಕ್ಕೆ ಮುಂಚೆ ಒಂದು ಫೋನ್ ಮಾಡ್ತೀನಿ. ಟ್ರೇನಿಂಗಲ್ಲಿ ಟೀ ಬಿಡುವು ಅಂತ. ಮಕ್ಕಳ ಹತ್ರ ಎರಡು ಮಾತಾಡಿ ಇಟ್ಬಿಡ್ತೀನಿ. ಜಡ್ಜಮ್ಮನ ಫೋನಿಗೆ ಮಾಡಿದ್ರೆ ವಿಡಿಯೋ ಹಾಕಿ ಅಪ್ಪಾ ಅಂತಾಳೆ, ಈ ಗೌನು, ಈ ಪೈಪು ಎಲ್ಲ ತೋರಿಸೋಕಾಗುತ್ತಾ. ನಿನ್ನದು ಡಬ್ಬಾ ಫೋನು, ಅದೇ ಒಳ್ಳೇದು. ಕೈಯಲ್ಲೇ ಇಟ್ಕೊಂಡಿರು." ಅಷ್ಟೇ. ಇನ್ನೇನೂ ಕೇಳಿರಲಿಲ್ಲ. ಇಷ್ಟು ವರ್ಷಗಳಲ್ಲಿ ಭಾವ ಅವನನ್ನು ಕೇಳಿದ್ದು ಬಹುಶಃ ಇದೊಂದೇ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಇಬ್ಬರೂ ಜಗಳವಾಡಿದರು. ಬುಗುರಿ ಗೆದ್ದ, ಗೆದ್ದವನು ಎರಡು ಸ್ಟಾಪಿನಲ್ಲೇ ಬೇಜಾರಾಗಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಜಡ್ಜಮ್ಮ ಗಾಜಿಗೆ ಹಣೆ ಒತ್ತಿ, "ಮಾವ, ನಿನ್ನೆ ರಾತ್ರಿ ಅಪ್ಪನ ಜೊತೆ ಮಾತಾಡಿದೆ. ಯಾಕೋ ತುಂಬ ಒಳ್ಳೆಯವರಾಗಿ ಮಾತಾಡಿದ್ರು," ಎಂದಳು.

"ಒಳ್ಳೆಯವರಾಗಿ ಅಂದ್ರೆ?"

"ಬೈಲಿಲ್ಲ. ಕೆಮಿಸ್ಟ್ರಿ ಮಾರ್ಕ್ಸ್ ಹೇಳಿದೆ, ಆದ್ರೂ ಬೈಲಿಲ್ಲ. ನಾಳೆ ಟೀ ಬಿಡುವಲ್ಲಿ ಮಾವನ ಫೋನಿಗೆ ಮಾಡ್ತೀನಿ, ಅಲ್ಲಿ ಬೈತೀನಿ ಅಂದ್ರು."

ಅವನು ಹಾಗಾ ಎಂದು ಹೊರಗೆ ನೋಡಿದ. ಅಂಗಡಿಗಳ ಬಾಗಿಲು ಒಂದೊಂದೇ ಮೇಲಕ್ಕೆ ಸುತ್ತಿಕೊಳ್ಳುತ್ತಿದ್ದವು. ಒಬ್ಬಳು ಹೆಂಗಸು ಗಾಜಿನ ಹಿಂದಿನ ಗೊಂಬೆಯ ತೋಳು ಕಳಚಿ ಅದಕ್ಕೆ ಅಂಗಿ ತೊಡಿಸುತ್ತಿದ್ದಳು. ನೋಡಬಾರದ್ದನ್ನು ನೋಡಿದಂತಾಗಿ ಅವನು ಕಣ್ಣು ತಪ್ಪಿಸಿದ. ಎದೆಯನ್ನು ಹೇಗೆ ತೆರೆಯುತ್ತಾರೆ ಎಂದು ಡಾಕ್ಟರು ಅಕ್ಕನಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಾಗ ಅವನು ಪಕ್ಕದಲ್ಲಿ ನಿಂತಿದ್ದು, ಆ ಡಾಕ್ಟರಿಗೆ ವಿವರಿಸಲು ಬರುವುದೇ ಇಲ್ಲ, ಎಲ್ಲಿ ನಿಲ್ಲಿಸಬೇಕು ಎಲ್ಲಿ ಕಣ್ಣು ನೋಡಬೇಕು ಗೊತ್ತೇ ಇಲ್ಲ ಎಂದು ಯೋಚಿಸಿದ್ದ. ಭಾವನ ಎದೆಯ ವಿಷಯ ಹೇಳುತ್ತಿರುವಾಗ ಅವನ ತಲೆಯಲ್ಲಿದ್ದದ್ದು ಅದು. ದಿನವೂ ಬಸ್ಸಿನ ಮೈಕು ಹಿಡಿದು ಎಡಗಡೆ ನೋಡಿ ಬಲಗಡೆ ನೋಡಿ ಎನ್ನುವವನ ತಲೆ ಹಾಗೇ ಆಗಿಬಿಡುತ್ತದೋ ಏನೋ. ಎಲ್ಲವೂ ತೋರಿಸುವ ವಸ್ತು. ಯಾರ ಕಷ್ಟವೇ ಆಗಲಿ, ಒಳ್ಳೇ ಜಾಗದಲ್ಲಿ ನಿಂತು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ ಎನಿಸುವುದು.

ಚೌಕದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಪಾರಿವಾಳಗಳು ಬುಗುರಿಯನ್ನು ಕಂಡು ಹಾರಿ, ಅವನು ಹೋದ ಮೇಲೆ ಅಲ್ಲಿಯೇ ಬಂದು ಕೂತವು. ಗಡಿಯಾರದ ಗೋಪುರಕ್ಕೆ ನಾಲ್ಕು ಮುಖ. ಮೂರು ಮುಖ ಒಂದೇ ಹೊತ್ತು ಹೇಳುತ್ತವೆ, ಹಿಂಬದಿಯದೊಂದು ಮಾತ್ರ ಯಾವಾಗಲೂ ಒಂದು ಗಂಟೆ ಹಿಂದೆ. ಫೋನು ಜೇಬಿನಿಂದ ಅಂಗೈಗೆ ಬಂದಿತ್ತು. ಅವನು ಅದನ್ನು ಹಿಡಿದೇ ಇದ್ದ. ಹಿಡಿದದ್ದು ಚೆನ್ನಾಗಿ ನೆನಪಿದೆ. ಆಮೇಲೆ ಎಷ್ಟೋ ಸಲ ಇದನ್ನೇ ಹಿಂದೆ ಮುಂದೆ ಓಡಿಸಿ ನೋಡಿಕೊಂಡಾಗಲೂ ಅಂಗೈಯಲ್ಲಿ ಆ ಬೆಚ್ಚನೆಯ ಪ್ಲಾಸ್ಟಿಕ್ಕು ಇದ್ದದ್ದು ನಿಜ.

"ಇದ್ಯಾಕೆ ಮಾವ ಇದೊಂದು ಲೇಟು?" ಬುಗುರಿ ಕೇಳಿದ.

"ಕೆಟ್ಟಿರುತ್ತೆ," ಜಡ್ಜಮ್ಮ ತೀರ್ಪು ಕೊಟ್ಟಳು.

"ಕೆಟ್ಟಿಲ್ಲಮ್ಮ. ಕೆಡಿಸಿದ್ದು," ಎಂದ. ಎನ್ನುತ್ತಿದ್ದ ಹಾಗೆ ಬೆನ್ನು ತಾನಾಗಿ ನೆಟ್ಟಗಾಯಿತು, ದನಿ ಗಂಟಲಿನಿಂದ ಇಳಿದು ಹೊಟ್ಟೆಗೆ ಬಂತು. ಕಥೆ ಶುರು ಮಾಡುವ ಮೊದಲು ಹೆಬ್ಬೆರಳು ಫೋನಿನ ಮೂಲೆಯ ಗುಂಡಿಯನ್ನು ಒತ್ತಿ ಹಿಡಿಯುತ್ತದೆ, ಪರದೆಯ ಮೇಲೆ ಗಂಟೆಯ ಚಿತ್ರಕ್ಕೆ ಅಡ್ಡಗೆರೆ ಬೀಳುತ್ತದೆ. ವರ್ಷಗಟ್ಟಲೆ ದಿನಕ್ಕೆ ನಾಲ್ಕು ಸಲ ಮಾಡಿದ ಕೆಲಸ. ಬಾಗಿಲು ದಾಟುವಾಗ ತಲೆ ಬಗ್ಗಿಸಿದ ಹಾಗೆ. ಹೆಬ್ಬೆರಳು ಅವನನ್ನು ಕೇಳಲಿಲ್ಲ. "ಈ ಗಡಿಯಾರಕ್ಕೆ ಕೀಲಿ ಕೊಡೋನೊಬ್ಬ ಇದ್ದ. ಅವನ ಮನೆ ಅಗೋ, ಆ ಹಿಂಬದಿ ಬೀದಿ. ಅವನ ಹೆಂಡತಿ ಎಂಥವಳಪ್ಪಾ ಅಂದ್ರೆ, ಕಿಟಕೀಲಿ ನಿಂತು ಇದೇ ಮುಖ ನೋಡಿ ಗಂಡ ಎಷ್ಟು ಹೊತ್ತಿಗೆ ಬಂದ ಅಂತ ಲೆಕ್ಕ ಇಡ್ತಿದ್ಲು." ಬುಗುರಿಯ ಕಾಲು ಕುಣಿಯುವುದು ನಿಂತಿತು. ಅದು ಮೊದಲ ಲಾಭ. ಬೇರೆ ಊರಿನವರಂತೆ ಕಾಣುವ ಒಂದು ಸಂಸಾರ, ಅಜ್ಜಿ ಸಮೇತ, ನಡೆಯುತ್ತಿದ್ದದ್ದು ನಿಧಾನವಾಯಿತು. ಅವನು ದನಿಯನ್ನು ಇನ್ನೊಂದು ಸುತ್ತು ದೊಡ್ಡದು ಮಾಡಿದ, ಅವರಿಗೂ ಕೇಳಲಿ ಎಂದು, ಅಷ್ಟೇ, ಒಂದೇ ಒಂದು ಸುತ್ತು. ಕಾಲೇಜಿನ ನಾಲ್ಕು ಜನ ಹುಡುಗರು ನಿಂತರು. ಕೀಲಿಯವನು ಗೆಳೆಯರ ಜೊತೆ ಇಸ್ಪೀಟಾಡಿ ತಡವಾಗಿ ಹೊರಟು, ದಾರಿಯಲ್ಲಿ ಗೋಪುರ ಹತ್ತಿ ಹೆಂಡತಿಯ ಕಡೆಯ ಮುಳ್ಳನ್ನು ಮಾತ್ರ ಹಿಂದಕ್ಕೆ ತಳ್ಳಿ ಇಳಿಯುವುದನ್ನು ಅವನು ಮಾಡಿ ತೋರಿಸಿದ, ಹೆಂಡತಿಯ ದನಿ ತೆಗೆದು "ಏನ್ರೀ, ಇವತ್ತು ಸೂರ್ಯ ಮುಳುಗಿ ಎಷ್ಟೊತ್ತಾಯ್ತು, ಗಡಿಯಾರ ನೋಡಿದ್ರೆ ಇನ್ನೂ ಆರು ಗಂಟೆ!" ಎಂದಾಗ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಬುಗುರಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟ, ಜಡ್ಜಮ್ಮ ಎರಡೂ ಕಿವಿಯದನ್ನು ಕಿತ್ತು ಜೇಬಿಗೆ ಹಾಕಿದಳು. ಅವಳು ನಕ್ಕಳು. ಜಡ್ಜಮ್ಮ ಹಲ್ಲು ಕಾಣುವ ಹಾಗೆ ನಕ್ಕಳು. ಆ ಕ್ಷಣ ಅವನಿಗೆ ಬೇರೆ ಏನೂ ಇರಲಿಲ್ಲ. ಆಸ್ಪತ್ರೆ ಇರಲಿಲ್ಲ, ಭಾವ ಇರಲಿಲ್ಲ. ಈ ಕಥೆಯನ್ನು ಇದೇ ಜಾಗದಲ್ಲಿ ಅವನಿಗೆ ಮೊದಲು ಹೇಳಿದ್ದೇ ಭಾವ. ಊರಿಗೆ ಹೊಸದಾಗಿ ಬಂದು ಹೆದರಿ ಕೂತಿದ್ದ ಇವನನ್ನು ಒಂದು ದಿನ ಇಡೀ ನಡೆಸಿಕೊಂಡು ತಿರುಗಿಸಿದಾಗ. ಆದರೆ ಕೀಲಿಯವನ ಹೆಂಡತಿಯ ದನಿ ಭಾವನಿಗೆ ಬರುತ್ತಿರಲಿಲ್ಲ. ಅದು ತನ್ನದೇ. ಅದಕ್ಕೇ ಅದನ್ನು ಇನ್ನೊಂದು ಸಲ ತೆಗೆದ. ಬೇಕಿರಲಿಲ್ಲ. ಕಥೆ ಮುಗಿದಿತ್ತು. ಜನ ನಿಂತಿದ್ದರು, ಅದಕ್ಕೆ ತೆಗೆದ.

ಚಪ್ಪಾಳೆ ತಟ್ಟಿದರು. ಸಂಸಾರದ ಯಜಮಾನ ಹತ್ತಿರ ಬಂದು ಅವನ ಅಂಗೈಗೆ ಒಂದು ನೋಟು ಒತ್ತಿದ. ಬೇಡ ಬೇಡ, ಇವತ್ತು ಕೆಲಸದ ಮೇಲಿಲ್ಲ, ಮಕ್ಕಳ ಜೊತೆ ಬಂದಿದ್ದೀನಿ ಎನ್ನುವಷ್ಟರಲ್ಲಿ ಬೆರಳು ಮಡಿಸಿಕೊಂಡಿತ್ತು. ಮಕ್ಕಳ ಮುಂದೆ ನಾಚಿಕೆಯಾಯಿತು. ಆದರೆ ಬುಗುರಿಗೆ ಹಾಗೇನೂ ಇರಲಿಲ್ಲ.

"ಮಾವ, ಹೀಗೇ ಇನ್ನು ನಾಲ್ಕು ಕಥೆ ಹೊಡೆದ್ರೆ ಸಿನಿಮಾಗೂ ಆಗುತ್ತೆ!"

"ಮೊದಲು ಐಸ್‌ಕ್ರೀಮ್," ಎಂದಳು ಜಡ್ಜಮ್ಮ. "ಇದು ಕೋರ್ಟಿನ ಆರ್ಡರು."

ಐಸ್‌ಕ್ರೀಮಿನ ಗಾಡಿಯ ಮುಂದೆ ಚಿಲ್ಲರೆ ತೆಗೆಯಲು ಫೋನನ್ನು ಕೈ ಬದಲಾಯಿಸಿದಾಗ ಅದು ಕಂಡಿತು. ಪರದೆಯ ಮೇಲೆ ಭಾವ, ಭಾವ, ಅಕ್ಕ, ಭಾವ. ಗಂಟೆಯ ಚಿತ್ರದ ಮೇಲೆ ಅಡ್ಡಗೆರೆ. ಅವನು ಮೊದಲು ಮಾಡಿದ್ದು ಏನೆಂದರೆ, ಮಕ್ಕಳು ನೋಡಿದರಾ ಎಂದು ತಿರುಗಿ ನೋಡಿದ್ದು. ನೋಡಿರಲಿಲ್ಲ. ಯಾವ ಬಣ್ಣದ್ದು ಬೇಕೆಂದು ಜಗಳವಾಡುತ್ತಿದ್ದರು. ಈಗ ಬಂದೆ ಎಂದು ಹೇಳಿ ಗಾಡಿಯ ಹಿಂದೆ, ಖಾಲಿ ಡಬ್ಬಗಳನ್ನು ಪೇರಿಸಿದ್ದ ಕಡೆ ಹೋಗಿ ಭಾವನಿಗೆ ಮಾಡಿದ. ಸ್ವಿಚಾಫ್. ಅಕ್ಕನಿಗೆ ಮಾಡಿದ.

"ಎಲ್ಲಿ ಹೋಗಿದ್ಯೋ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಅಕ್ಕಾ, ಫೋನು... ಸೈಲೆಂಟಾಗಿಬಿಟ್ಟಿತ್ತು. ಭಾವನಿಗೆ ಕೊಡು, ಇಲ್ಲೇ ಇದ್ದಾರೆ ಮಕ್ಕಳು, ಕೊಡು ಬೇಗ."

"ಒಳಗೆ ಕರ್ಕೊಂಡು ಹೋದ್ರು ಕಣೋ. ಈಗ್ಲೇ. ಫೋನ್ ಇಸ್ಕೊಂಡ್ರು."

"ಸ್ವಲ್ಪ ನಿಲ್ಲಿಸೋಕೆ ಹೇಳು, ಒಂದೇ ನಿಮಿಷ..."

"ಎಲ್ಲಿ ನಿಲ್ಲಿಸ್ತಾರೆ, ಅದೇನು ಬಸ್ಸಾ."

ಬಾಯಿಗೆ ಮೊದಲು ಬಂದದ್ದು ಕೀಲಿಯವನ ಹೆಂಡತಿಯ ದನಿಯೇ. "ಬೈದ್ರಾ ಅಕ್ಕಾ?"

"ಬೈಯೋದೇನು. ಅವರು ಯಾವತ್ತು ನಿನ್ನ ಬೈದಿದ್ದಾರೆ. ನಕ್ಕರು. ಅವನು ಎಲ್ಲೋ ಕಥೆ ಹೊಡೀತಿರಬೇಕು, ಮಕ್ಕಳು ಖುಷಿಯಾಗಿರಬೇಕು, ಬಿಡು ಅಂದ್ರು. ಪರವಾಗಿಲ್ಲ ಬಿಡೋ. ನೀನೇನು ಬೇಕು ಅಂತ ಮಾಡಿದ್ಯಾ. ಮಕ್ಕಳಿಗೆ ಹೇಳ್ಬೇಡ, ಸಂಜೆವರೆಗೂ ತಿರುಗಿಸ್ಕೊಂಡಿರು, ಆಮೇಲೆ ನಾನೇ ಹೇಳ್ತೀನಿ." ಅವಳ ಹಿಂದೆ ಆಸ್ಪತ್ರೆಯ ಯಾವುದೋ ಗಾಲಿಯ ಸದ್ದು ಹಾದುಹೋಯಿತು.

ಬೇಕು ಅಂತ ಮಾಡಿದ್ಯಾ. ಬೇಕು ಅಂತ ಮಾಡಿರಲಿಲ್ಲ. ಮೊದಲ ಸಲ ಹೆಂಡತಿಯ ದನಿ ತೆಗೆದದ್ದು ಮಕ್ಕಳಿಗಾಗಿ. ಎರಡನೆಯ ಸಲದ್ದು? ಆ ಎರಡನೆಯ ಸಲ ತೆಗೆಯದಿದ್ದರೆ, ಕಥೆ ಮುಗಿಸಿ ಫೋನು ನೋಡಿಕೊಂಡಿದ್ದರೆ, ಭಾವನ ಕೊನೆಯ ಫೋನಿಗೆ ಸಿಗುತ್ತಿದ್ದನೋ ಏನೋ. ಭಾವನ ಕೊನೆಯ ಫೋನು. ಛೀ. ಎಂಥ ಮಾತು ಬಂತು. ಅವನು ಡಬ್ಬಗಳನ್ನೇ ನೋಡುತ್ತ ನಿಂತ. ಡಬ್ಬಗಳ ಮೇಲೆ ನಗುವ ಮಗುವಿನ ಚಿತ್ರ, ಎಲ್ಲದರ ಮೇಲೂ ಅದೇ ಮಗು. ವಾಪಸು ಬಂದಾಗ ಬುಗುರಿ ಅವನ ಪಾಲಿನ ಐಸ್‌ಕ್ರೀಮ್ ಹಿಡಿದು ನಿಂತಿದ್ದ, ಕರಗಿ ಮಣಿಕಟ್ಟಿನ ಮೇಲೆ ಇಳಿದದ್ದನ್ನು ನೆಕ್ಕುತ್ತ.

"ಅಪ್ಪ ಮಾಡಿದ್ರಾ?" ಜಡ್ಜಮ್ಮ ಕೇಳಿದಳು. "ಟೀ ಬಿಡುವು ಆಗಿರಬೇಕಲ್ಲ ಇಷ್ಟು ಹೊತ್ತಿಗೆ."

"ಇಲ್ಲ." ಬಾಯಿ ತಾನಾಗಿ ಹೇಳಿತು. ಇಲ್ಲಿಗೆ ನಿಲ್ಲಿಸಬಹುದಿತ್ತು. "ಮರೆತಿರಬೇಕು."

"ಅಪ್ಪ ಮರೆಯಲ್ಲ," ಎಂದ ಬುಗುರಿ.

"ಹೊಸ ಜಾಗ, ಹೊಸ ಜನ. ಮಾತಿಗೆ ಕೂತ್ರೆ ಮರೆತುಹೋಗುತ್ತೆ ಒಂದೊಂದ್ಸಲ." ತನ್ನ ತಪ್ಪನ್ನು ಹಾಗೇ ತೊಳೆದು ಇಸ್ತ್ರಿ ಮಾಡಿ ಭಾವನಿಗೆ ತೊಡಿಸಿದ್ದು ಅವನಿಗೆ ಆ ಮಾತು ಪೂರ್ತಿ ಆಡಿದ ಮೇಲೆ ಗೊತ್ತಾಯಿತು. ಆ ಹೊತ್ತಿಗೆ ಭಾವನಿಗೆ ಮಂಪರಿನ ಸೂಜಿ ಚುಚ್ಚಿರಬೇಕು. ಐಸ್‌ಕ್ರೀಮ್ ತಿಂದ. ಚೆನ್ನಾಗಿತ್ತು. ಅದು ಚೆನ್ನಾಗಿರುವುದೂ ಒಂದು ಅಪರಾಧದಂತೆ ನಾಲಿಗೆಗೆ ಹತ್ತಿತು. ಆದರೂ ಕಡ್ಡಿಯವರೆಗೂ ತಿಂದ.

ಚಿತ್ರಶಾಲೆಯ ಒಳಗೆ ತಂಪಿತ್ತು. ಪುಕ್ಕಟೆ ದಿನವಾದ್ದರಿಂದ ಜನ ಚಿತ್ರಗಳಿಗಿಂತ ಬೆಂಚುಗಳನ್ನು ಹುಡುಕುತ್ತಿದ್ದರು. ಅವನಿಗೆ ಇಲ್ಲಿ ಪ್ರತಿ ಚಿತ್ರಕ್ಕೂ ಒಂದೊಂದು ಮಾತು ಗೊತ್ತಿತ್ತು, ಒಂದೂ ಬಾಯಿಗೆ ಬರಲಿಲ್ಲ. ಬುಗುರಿ ಮೊದಲಿನಂತೆ ಓಡಾಡಲಿಲ್ಲ. ಒಂದು ದೊಡ್ಡ ಚಿತ್ರದ ಮುಂದೆ, ಉಪ್ಪಿನಂಥ ಬಿಳಿ ಬಯಲಿನಲ್ಲಿ ಒಬ್ಬನೇ ಮನುಷ್ಯ ಕುದುರೆಯ ಲಗಾಮು ಹಿಡಿದು ನಿಂತ ಚಿತ್ರ, ಕೈಕಟ್ಟಿಕೊಂಡು ನಿಂತು, "ಮರೀಲಿ ಬಿಡು. ನಾನೂ ನಾಳೆ ಅಪ್ಪ ಬಂದಾಗ ಮಾತಾಡಲ್ಲ," ಎಂದ. ಯಾರಿಗೂ ಅಲ್ಲ, ಚಿತ್ರಕ್ಕೆ. ಹುಡುಗನ ಕಿವಿಯ ಹಿಂದೆ ಬೆವರು ಒಣಗಿ ಬಿಳಿ ಗೆರೆ ಕಟ್ಟಿತ್ತು. ನಾಳೆ ಅಪ್ಪ ಬಂದಾಗ. ಅವನು ಏನಾದರೂ ಹೇಳಬೇಕಿತ್ತು, ಇಲ್ಲ ಕಣೋ ಹಾಗಲ್ಲ ಎಂದು, ಆದರೆ ಹಾಗಲ್ಲ ಅಂದರೆ ಮತ್ತೆ ಹೇಗೆ ಎಂದು ಕೇಳುತ್ತಾನೆ. ಹೇಳಿದರೆ ಅಕ್ಕನಿಗೆ ಕೊಟ್ಟ ಮಾತು ತಪ್ಪುತ್ತದೆ. ಹೇಳದಿದ್ದರೆ ಅಲ್ಲಿ ಎದೆ ತೆರೆದುಕೊಂಡು ಮಲಗಿದವನ ಮೇಲೆ ಇಲ್ಲಿ ಮಗ ಮುನಿಸಿಕೊಂಡು ನಿಂತಿದ್ದಾನೆ. ಒಂದು ವೇಳೆ ಏನಾದರೂ, ಒಂದು ವೇಳೆ, ಈ ಮುನಿಸು ಇವನಲ್ಲಿ ಹಾಗೇ ಉಳಿದುಬಿಟ್ಟರೆ? ಆಮೇಲೆ ನಿಜ ಗೊತ್ತಾದರೆ? ಹೇಳಿಬಿಡುವುದೇ ಸರಿ ಎನಿಸಿತು. ಎನಿಸಿದ ಕೂಡಲೇ ಎದೆ ಸ್ವಲ್ಪ ಹಗುರವಾಯಿತು, ಆ ಹಗುರವೇ ಅನುಮಾನ ಹುಟ್ಟಿಸಿತು. ಹೇಳುವುದು ಈ ಹುಡುಗನಿಗಾಗಿಯೋ, ತಾನೊಬ್ಬನೇ ಹೊರಲಾರೆ ಎಂದೋ? ಪಹರೆಯವಳು ಬಂದು ಚಿತ್ರದ ಮುಂದಿನ ನೆಲದ ಗೆರೆಯಿಂದ ಹಿಂದೆ ನಿಲ್ಲಿ ಎಂದಳು. ನೋಡಿದರೆ ಬುಗುರಿ ಹಿಂದೆಯೇ ಇದ್ದ. ಗೆರೆ ದಾಟಿದ್ದು ತಾನೇ.

"ದಿನಾ ಜನ ಕರ್ಕೊಂಡು ಬರೋ ನೀವೇ ಹೀಗೆ ಮಾಡಿದ್ರೆ ಹೇಗೆ ಸಾರ್," ಎಂದಳು ಪಹರೆಯವಳು. ಗುರುತಿನವಳೇ.

"ತಪ್ಪಾಯ್ತಮ್ಮ," ಎಂದ. ಅವಳೇ ಗಾಬರಿಯಾಗುವಷ್ಟು ತಗ್ಗಿ ಹೇಳಿದ.

ಸೇತುವೆಯ ಮೇಲೆ ಗಾಳಿ ಇತ್ತು. ಬ್ರೆಡ್ಡು ಮೊಟ್ಟೆ ಬಿಚ್ಚಿದರು. ಜಡ್ಜಮ್ಮ ಮೊಟ್ಟೆಯ ಹಳದಿಯನ್ನು ತಮ್ಮನಿಗೆ ಕೊಟ್ಟು ಅವನ ಬಿಳಿಯನ್ನು ತೆಗೆದುಕೊಂಡಳು, ಮಾತಿಲ್ಲದೆ, ದಿನವೂ ಮಾಡುವ ವ್ಯಾಪಾರ. ಕೆಳಗೆ ಮರಳಿನ ದೋಣಿಯೊಂದು ನಿಧಾನಕ್ಕೆ ಬಂತು. ದೋಣಿಯವನು ಮರಳಿನ ಗುಡ್ಡೆಯ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿದ್ದ, ಚುಕ್ಕಾಣಿಯ ಹಿಡಿಯ ಮೇಲೆ ಎರಡು ಕಾಲಿಟ್ಟು ಒಂದು ಕಂದು ನಾಯಿ ಗಂಭೀರವಾಗಿ ಮುಂದೆ ನೋಡುತ್ತ ನಿಂತಿತ್ತು.

"ಮಾವ! ನಾಯಿ ದೋಣಿ ಓಡಿಸ್ತಿದೆ! ನೋಡೇ ಜಡ್ಜಮ್ಮ!" ಬುಗುರಿ ಕಂಬಿಯ ಮೇಲೆ ಅರ್ಧ ಹತ್ತಿದ. "ಅಪ್ಪಂಗೆ ಹೇಳ್ಬೇಕು, ಮಾವ, ಫೋನ್ ಮಾಡು, ಬೇಗ, ಅದು ಹೋಗೋದ್ರೊಳಗೆ."

ಹುಡುಗನಿಗೆ ಮುನಿಸು ಮರೆತೇಹೋಗಿತ್ತು. ಅದೇ ಅವನನ್ನು ಮುರಿದದ್ದು. ಜಡ್ಜಮ್ಮ ಆಗಲೇ ತನ್ನ ಫೋನಿನಿಂದ ಮಾಡಿ ಕಿವಿಗೆ ಇಟ್ಟುಕೊಂಡಿದ್ದಳು. "ಸ್ವಿಚಾಫ್," ಎಂದಳು. ಅವನ ಕಡೆ ತಿರುಗಿದಳು. "ಅಪ್ಪ ಯಾವತ್ತೂ ಸ್ವಿಚಾಫ್ ಮಾಡಲ್ಲ. ನಿನ್ನೆ ಬೈಲಿಲ್ಲ, ಇವತ್ತು ಸ್ವಿಚಾಫು. ಅಮ್ಮಂಗೆ ಭಾನುವಾರ ಆಡಿಟ್ಟು. ಮಾವ, ಏನಿದೆಲ್ಲ?"

ಅವನು ಹೇಳಿದ. ಹೇಗೆ ಹೇಳಬೇಕೆಂದು ಎಲ್ಲಿಯೂ ಅಭ್ಯಾಸವಿರಲಿಲ್ಲ, ಅದಕ್ಕೆ ತೊದಲುತ್ತ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಿಕೊಂಡು ಹೇಳಿದ. ಟ್ರೇನಿಂಗ್ ಇಲ್ಲ. ಆಸ್ಪತ್ರೆ. ಎದೆಯದು. ಈಗಲೂ ಒಳಗೇ ಇದ್ದಾರೆ. ಒಳ್ಳೇ ಡಾಕ್ಟರು. ನಿಮಗೆ ಹೆದರಿಕೆ ಬೇಡ ಅಂತ ಅವರೇ. ಜಡ್ಜಮ್ಮ ಕಂಬಿಯನ್ನು ಹಿಡಿದುಕೊಂಡಳು. ಬುಗುರಿ ಕೈಯಲ್ಲಿದ್ದ ಬ್ರೆಡ್ಡನ್ನು ನೋಡುತ್ತಿದ್ದ, ಇದನ್ನು ಈಗ ತಿನ್ನಬಹುದೋ ಬಾರದೋ ಎಂದು ಯಾರಾದರೂ ಹೇಳಲಿ ಎನ್ನುವಂತೆ.

"ಒಳಗೆ ಹೋಗೋಕೆ ಮುಂಚೆ ಫೋನ್ ಮಾಡಲೇ ಇಲ್ವಾ ನಮಗೆ?" ಎಂದಳು ಜಡ್ಜಮ್ಮ.

ಇಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಹೋಗುವ ಗಡಿಬಿಡಿಯಲ್ಲಿ ಆಗಲಿಲ್ಲ ಪುಟ್ಟಿ ಎಂದಿದ್ದರೆ ಮುಗಿಯುತ್ತಿತ್ತು, ಅಕ್ಕನೂ ಅಡ್ಡ ಬರುತ್ತಿರಲಿಲ್ಲ. "ಮಾಡಿದ್ರು," ಎಂದ. "ಮತ್ತೆ ಮತ್ತೆ ಮಾಡಿದ್ರು. ನಾನೇ ಎತ್ತಲಿಲ್ಲ. ಸೈಲೆಂಟಲ್ಲಿತ್ತು. ಗಡಿಯಾರದ ಹತ್ರ. ಕಥೆ ಹೇಳ್ತಿದ್ದೆನಲ್ಲ, ಆಗ."

ಅವಳು ಬೈಯುತ್ತಾಳೆ ಎಂದು ಕಾದ. ಬೈದರೆ ಚೆನ್ನಾಗಿತ್ತು. ಮಾತಾಡಿದ್ದು ಬುಗುರಿ. "ಆಗ ನಾನು ನಗ್ತಾ ಇದ್ದೆ ಅಲ್ವಾ ಮಾವ," ಎಂದ. "ನೆಲದ ಮೇಲೆ ಕೂತ್ಕೊಂಡು ನಗ್ತಾ ಇದ್ದೆ."

ಈ ಹುಡುಗನ ಮುಖದಲ್ಲಿ ಈಗ ಕಂಡದ್ದು ಐಸ್‌ಕ್ರೀಮಿನ ಗಾಡಿಯ ಹಿಂದೆ ನಿಂತಾಗಿನಿಂದ ತನ್ನ ಮುಖದಲ್ಲಿದ್ದದ್ದೇ. ತಾನು ಹೊತ್ತು ತಂದದ್ದನ್ನು ಒಂದು ಮೂಲೆ ಹರಿದು ಇವನ ಕೈಗೂ ಕೊಟ್ಟಾಯಿತು. ಭಾವ ಇಷ್ಟೆಲ್ಲ ಸುಳ್ಳು ಕಟ್ಟಿದ್ದು ಬಹುಶಃ ಇದೊಂದು ಆಗದಿರಲಿ ಎಂದು. ನೀನು ನಕ್ಕದ್ದು ತಪ್ಪಲ್ಲ ಕಣೋ, ತಪ್ಪೆಲ್ಲ ನಂದು ಎಂದು ಬಗ್ಗಿ ಅವನ ಭುಜ ಹಿಡಿದ. ಹುಡುಗ ಸುಮ್ಮನೆ ಹಿಡಿಸಿಕೊಂಡ, ಬೇರೆಯವರ ಮನೆಯ ನಾಯಿ ಮುಟ್ಟಿಸಿಕೊಂಡ ಹಾಗೆ. "ನಡೀರಿ," ಎಂದಳು ಜಡ್ಜಮ್ಮ. "ಎಲ್ಲಿ ಆಸ್ಪತ್ರೆ? ಬಸ್ಸು ಬೇಡ. ಆಟೋ ಕೂಗು."

ಆಟೋದಲ್ಲಿ ಇಬ್ಬರೂ ಒಂದು ಮೂಲೆಗೆ ಒತ್ತಿಕೊಂಡು ಕೂತರು. ಅವನ ಪಕ್ಕ ಇನ್ನೊಬ್ಬ ಮನುಷ್ಯ ಕೂರುವಷ್ಟು ಜಾಗ ಉಳಿಯಿತು.

ಮೂರನೇ ಮಹಡಿಯ ಕಾರಿಡಾರಿನಲ್ಲಿ ಅಕ್ಕ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಮಕ್ಕಳನ್ನು ಕಂಡು ಎದ್ದಳು, ಅವನನ್ನು ನೋಡಿ, "ಏನೋ ನೀನು, ಒಂದು ಮಾತು ಉಳಿಸ್ಕೊಳ್ಳೋಕೆ ಆಗಲ್ವಾ ನಿನಗೆ, ಒಂದೇ ಒಂದು," ಎಂದವಳ ದನಿ ಅರ್ಧದಲ್ಲೇ ಬೇರೆಯಾಗಿ, ಎರಡೂ ಕೈಯಲ್ಲಿ ಇಬ್ಬರನ್ನೂ ಹತ್ತಿರ ಎಳೆದುಕೊಂಡಳು. ಬುಗುರಿ ಅಮ್ಮನ ಹೊಟ್ಟೆಯಲ್ಲಿ ಮುಖ ಹುದುಗಿಸಿ ನಾಯಿ ದೋಣಿ ಓಡಿಸಿದ್ದನ್ನು ಹೇಳುತ್ತಿದ್ದ. ಯಾಕೆ ಅದನ್ನೇ ಹೇಳುತ್ತಿದ್ದನೋ. ಅವನು ಮೂವರನ್ನೂ ಬಿಟ್ಟು ಎದುರು, ಆಪರೇಷನ್ ಕೋಣೆಯ ಬಾಗಿಲ ಹತ್ತಿರದ ಗೋಡೆಗೆ ಒರಗಿ ನಿಂತ. ಕೂರಲು ಜಾಗವಿತ್ತು, ಕೂರಲಿಲ್ಲ. ಗೋಡೆಯ ಮೇಲೆ ಯಾರೋ ಮಗು ಪೆನ್ನಿನಲ್ಲಿ ಗೀಚಿದ ಗೆರೆ, ಅದರ ಕೈ ಎಟುಕುವಷ್ಟಕ್ಕೆ ಬಂದು ನಿಂತುಬಿಟ್ಟಿತ್ತು. ಭಾವನಿಗೆ ಏನೂ ಆಗದಿರಲಿ ಎಂದುಕೊಂಡ. ಮತ್ತೆ ಮತ್ತೆ ಅದನ್ನೇ ಅಂದುಕೊಂಡ. ಆ ಮಾತಿನ ಹಿಂದೆಯೇ ಇನ್ನೊಂದು ಮಾತು ಅಂಟಿಕೊಂಡು ಬರುತ್ತಿತ್ತು: ಆಗಿಬಿಟ್ಟರೆ, ನಾನು ಏನು ಮಾಡಲಿ. ಅದನ್ನು ಬೇರೆ ಮಾಡಿ ಎಸೆಯಲು ನೋಡಿದ. ಅದು ಮತ್ತೆ ಬಂದು ಅಂಟಿತು. ಸಾಯುವವನು ಭಾವ, ಆ ಎತ್ತದ ಫೋನನ್ನು ಹೊತ್ತು ಬದುಕಬೇಕಾದವನು ತಾನು ಎಂದು ಒಳಗೆ ಯಾರೋ ಆಗಲೇ ಹೆದರಿ ಲೆಕ್ಕ ಹಾಕುತ್ತಿದ್ದ.

ಬಾಗಿಲು ತೆರೆದು ಡಾಕ್ಟರು ಬಂದಾಗ ಮೊದಲು ಅವರ ಚಪ್ಪಲಿ ಕಂಡಿತು, ಆಮೇಲೆ ಮುಖ. ಎಲ್ಲ ಚೆನ್ನಾಗಿ ಆಯ್ತಮ್ಮ, ಗಾಬರಿ ಬ್ಯಾಡ, ಎಚ್ಚರ ಆಗೋಕೆ ಇನ್ನೂ ಹೊತ್ತಾಗುತ್ತೆ ಎಂದರು. ಅಕ್ಕ ಕುಸಿದು ಬೆಂಚಿಗೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಬುಗುರಿ "ಅಂದ್ರೆ? ಅಂದ್ರೆ ಸರಿಯಾಯ್ತಾ? ಸರಿಯಾಯ್ತಾ?" ಎಂದು ಡಾಕ್ಟರ ಕೋಟು ಹಿಡಿದು ಎಳೆದ. ಎದುರು ಗೋಡೆಗೆ ಒರಗಿ ನಿಂತಿದ್ದವನ ಬಾಯಿಂದ ಯಾರೂ ಕೇಳದಿದ್ದರೂ ಒಂದು ಮಾತು ಹೊರಬಿತ್ತು.

"ಅಬ್ಬಾ, ಸದ್ಯ, ನಾನು ಬಚಾವಾದೆ."

ಜೋರಾಗಿಯೇನೂ ಹೇಳಿರಲಿಲ್ಲ. ಅಕ್ಕನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಅವಳಿಗೆ ಈಗ ಯಾವ ಮಾತೂ ಒಂದೇ. ಜಡ್ಜಮ್ಮ ತಲೆ ಎತ್ತಿದಳು. ಕಣ್ಣು ಒದ್ದೆಯಾಗಿತ್ತು. ಆ ಒದ್ದೆಯ ಹಿಂದಿನಿಂದ ಅವನನ್ನು ನೋಡಿದಳು, ಗುರುತಿಲ್ಲದವನನ್ನು ನೋಡಿದ ಹಾಗಲ್ಲ, ಚೆನ್ನಾಗಿ ಗುರುತಿರುವವನನ್ನು ಮೊದಲ ಸಲ ನೋಡಿದ ಹಾಗೆ. ಎದ್ದು ಹತ್ತಿರ ಬಂದಳು. ತಾಯಿಗೆ ತಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದಳು.

"ಅಪ್ಪ ಎದ್ದ ಮೇಲೆ ಮೊದಲು ನಾವು ಹೋಗ್ತೀವಿ ಮಾವ. ನೀನು ಆಮೇಲೆ ಬಾ."

"ಆಯ್ತಮ್ಮ."

"ನೀನು ಬಂದ್ರೆ ಅವರು ನಿನ್ನನ್ನೇ ಸಮಾಧಾನ ಮಾಡೋಕೆ ಶುರು ಮಾಡ್ತಾರೆ."

ಅದು ನಿಜ. ಭಾವ ಕಣ್ಣು ಬಿಟ್ಟು ಅವನ ಮುಖ ಕಂಡ ಕೂಡಲೇ, ಆ ಪೈಪುಗಳ ನಡುವಿನಿಂದಲೇ, ಬಿಡೋ ಪರವಾಗಿಲ್ಲ ಎನ್ನುತ್ತಾರೆ. ಅದನ್ನು ಕೇಳುವುದಕ್ಕಾಗಿಯೇ ತಾನು ಬಾಗಿಲ ಹತ್ತಿರದ ಗೋಡೆ ಹಿಡಿದು ನಿಂತದ್ದು ಅವನಿಗೆ ಗೊತ್ತಾಯಿತು. ಅವಳು ಹೋಗಿ ತಮ್ಮನ ಪಕ್ಕ ಕೂತಳು. ಅವನು ಕಾರಿಡಾರಿನ ಆ ತುದಿಯವರೆಗೆ ನಡೆದು ಹೋಗಿ, ಬಾಗಿಲು ಕಾಣದ ಕಡೆ, ಕಿಟಕಿಗೆ ಬೆನ್ನು ಮಾಡಿ ನಿಂತ. ಇನ್ನೂ ತುಂಬ ಹೊತ್ತು ಹಾಗೇ ನಿಲ್ಲಬೇಕಿತ್ತು.